ಟ್ರಾಫಿಕ್ ಪೊಲೀಸರು ‘ಸೈಡಿಗೆ ಹಾಕಿ’ ಎಂದರೆ: ಬೆಂಗಳೂರಿನ ಸವಾರರಿಗೆ ಹಂತ ಹಂತದ ಮಾರ್ಗದರ್ಶಿ

ಕೀ ಕಿತ್ತುಕೊಳ್ಳಬಹುದಾ? ಡಿಜಿಲಾಕರ್ ಒಪ್ಪಲ್ಲ ಅಂದರೆ ಏನು ಮಾಡೋದು? ಡಿಕ್ಕಿ ತೆಗೆಯಿರಿ ಅಂದರೆ ತೆಗೆಯಲೇಬೇಕಾ? ಹಳೇ ಫೈನ್ ಕಟ್ಟದೆ ಗಾಡಿ ಬಿಡಲ್ಲ ಅಂದರೆ? ಓದುಗರಿಂದ ತಿಂಗಳು ತಿಂಗಳೂ ಬರುವ ಪ್ರಶ್ನೆಗಳಿವು. ಒಂದೊಂದಕ್ಕೂ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಲ್ಲಿ ಒಟ್ಟಿಗೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ರಸ್ತೆಬದಿಯಲ್ಲಿ ನಡೆಯುವುದು ಮೂರು ಬೇರೆ ಬೇರೆ ಕೆಲಸ: ದಾಖಲೆ ನೋಡುವುದು, ದಂಡ ಹಾಕುವುದು, ವಾಹನವನ್ನು ಶೋಧಿಸುವುದು ಅಥವಾ ವಶಕ್ಕೆ ತೆಗೆದುಕೊಳ್ಳುವುದು. ಮೂರಕ್ಕೂ ಕಾನೂನು ಬೇರೆ, ಅಧಿಕಾರ ಇರುವವರು ಬೇರೆ, ನಿಮ್ಮ ಕೈಗೆ ಬರಬೇಕಾದ ಕಾಗದವೂ ಬೇರೆ. ಸದ್ಯ ನಡೆಯುತ್ತಿರುವುದು ಯಾವುದು ಎಂದು ಗೊತ್ತಾದರೆ ಅರ್ಧ ಗಲಾಟೆ ತಪ್ಪುತ್ತದೆ. ಬಹಳ ಜನ ಸೋಲುವುದು ಇಲ್ಲೇ. ಬರೀ ಡಿಎಲ್ ಕೇಳಿದಾಗ ‘ವಾರಂಟ್ ಇದೆಯಾ’ ಅನ್ನುತ್ತಾರೆ; ಗಾಡಿಯನ್ನೇ ಒಯ್ಯುವಾಗ ಚೀಟಿ ಕೇಳಲು ಮರೆಯುತ್ತಾರೆ.

1. ಮನೆಯಿಂದ ಹೊರಡುವ ಮೊದಲು

ಬೇಕಾದದ್ದು ನಾಲ್ಕು: ಚಾಲನಾ ಪರವಾನಗಿ ಅಂದರೆ ಡಿಎಲ್, ನೋಂದಣಿ ಪತ್ರ ಅಂದರೆ ಆರ್‌ಸಿ, ವಿಮೆ, ಎಮಿಷನ್ ಸರ್ಟಿಫಿಕೇಟ್. ಆಟೊ, ಕ್ಯಾಬ್, ಗೂಡ್ಸ್ ಗಾಡಿಯವರಿಗೆ ಇದರ ಮೇಲೆ ಪರ್ಮಿಟ್ ಮತ್ತು ವಾಹನದ ಸುಸ್ಥಿತಿ ಪತ್ರ ಅಂದರೆ ಎಫ್‌ಸಿ.

2018ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮಕ್ಕೆ ತಿದ್ದುಪಡಿ ಬಂತು. ಅಂದಿನಿಂದ ಈ ದಾಖಲೆಗಳನ್ನು ಕಾಗದದಲ್ಲಾಗಲಿ ಎಲೆಕ್ಟ್ರಾನಿಕ್ ರೂಪದಲ್ಲಾಗಲಿ ತೋರಿಸಬಹುದು. ಸರ್ಕಾರದ ಡಿಜಿಲಾಕರ್ ಮತ್ತು ಎಂಪರಿವಾಹನ್ ಆ್ಯಪ್‌ನಲ್ಲಿ ಕಾಣುವ ಡಿಎಲ್, ಆರ್‌ಸಿ ಮೂಲ ದಾಖಲೆಗೆ ಸಮ. ಎಡವುವುದು ಹೀಗೆ: ಡಿಎಲ್‌ನ ಫೋಟೊ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಂಡಿರುತ್ತಾರೆ, ಇಲ್ಲವೇ ಮನೆಯವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಆರ್‌ಸಿ ಚಿತ್ರ ತೋರಿಸುತ್ತಾರೆ. ಅದು ನಡೆಯುವುದಿಲ್ಲ. ಜೆರಾಕ್ಸ್ ಕೂಡ ನಡೆಯುವುದಿಲ್ಲ.

ಇನ್ನೊಂದು ತೊಡಕಿದೆ. ಅಪ್ಪನ ಹೆಸರಲ್ಲಿರುವ ಸ್ಕೂಟರ್‌ನ ಆರ್‌ಸಿ ನಿಮ್ಮ ಡಿಜಿಲಾಕರ್‌ನಲ್ಲಿ ಸಿಗುವುದಿಲ್ಲ, ಮಾಲೀಕರ ಹೆಸರು ಹೊಂದಬೇಕು. ಅಂಥ ಗಾಡಿಯಲ್ಲಿ ಮೂಲ ಆರ್‌ಸಿ ಕಾರ್ಡನ್ನೇ ಇಟ್ಟುಕೊಳ್ಳಿ. ಮೇಲ್ಸೇತುವೆ ಕೆಳಗೆ ನೆಟ್‌ವರ್ಕ್ ಕೈಕೊಡುವ ಊರಿದು. ಹಾಗಾಗಿ ಡಿಎಲ್ ಕಾರ್ಡ್ ಪರ್ಸಿನಲ್ಲಿರುವುದೇ ವಾಸಿ.

2. ಕೈ ತೋರಿಸಿದರೆ ನಿಲ್ಲಿಸಿ

ಇಂಡಿಕೇಟರ್ ಹಾಕಿ, ನಿಧಾನಕ್ಕೆ ಎಡಕ್ಕೆ ಬನ್ನಿ, ಎಂಜಿನ್ ಆರಿಸಿ. ಯು-ಟರ್ನ್ ಹೊಡೆಯುವುದು, ಒನ್‌ವೇಗೆ ನುಗ್ಗುವುದು, ಪೊಲೀಸರನ್ನು ಸವರಿಕೊಂಡು ಹೋಗುವುದು ಬೇಡ. 500 ರೂಪಾಯಿಯ ಹೆಲ್ಮೆಟ್ ಕೇಸು ಅಲ್ಲಿಗೆ ಕ್ರಿಮಿನಲ್ ಕೇಸಾಗುತ್ತದೆ. ಕಾನೂನುಬದ್ಧ ಸೂಚನೆ ಪಾಲಿಸದಿದ್ದರೆ ಮೋಟಾರು ವಾಹನ ಕಾಯ್ದೆಯ 179ನೇ ಸೆಕ್ಷನ್ನಿನಲ್ಲಿ 2,000 ರೂಪಾಯಿವರೆಗೆ ದಂಡವಿದೆ. ಮೈಮೇಲೆ ಕೈ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಸೆಕ್ಷನ್ ಬೀಳುತ್ತದೆ. ಅದು ಠಾಣೆ, ಕೋರ್ಟು, ಜಾಮೀನು ಎಂದು ಎಳೆಯುವ ವಿಚಾರ.

3. ನಿಲ್ಲಿಸಿದವರು ಯಾರು, ಯಾಕೆ?

ದಾಖಲೆ ಕೇಳುವ ಅಧಿಕಾರ ಇರುವುದು ಸಮವಸ್ತ್ರದಲ್ಲಿರುವ ಪೊಲೀಸರಿಗೆ. ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ನಿನಲ್ಲಿ ಇದು ಸ್ಪಷ್ಟವಾಗಿದೆ. ಎದೆಯ ಮೇಲಿನ ಹೆಸರಿನ ಪಟ್ಟಿ ಓದಿಕೊಳ್ಳಿ. ಅದು ಜಾಕೆಟ್ ಕೆಳಗೆ ಮುಚ್ಚಿದ್ದರೆ ‘ಸರ್, ನಿಮ್ಮ ಹೆಸರು, ಠಾಣೆ ಯಾವುದು?’ ಎಂದು ಕೇಳಿ. ಟ್ರಾಫಿಕ್ ವಾರ್ಡನ್ ಮತ್ತು ಹೋಂಗಾರ್ಡ್‌ಗಳು ಸಂಚಾರಕ್ಕೆ ನೆರವಾಗುವವರು. ದಂಡ ವಸೂಲಿ ಅವರ ಕೆಲಸವಲ್ಲ. ಆಟೊ, ಕ್ಯಾಬ್‌ಗಳನ್ನು ಆರ್‌ಟಿಒ ಇನ್‌ಸ್ಪೆಕ್ಟರ್‌ಗಳೂ ತಡೆಯುತ್ತಾರೆ. ಅವರು ಸಾರಿಗೆ ಇಲಾಖೆಯವರು, ಅವರಿಗೂ ಅಧಿಕಾರವಿದೆ.

ಆಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ‘ನನ್ನಿಂದ ಏನು ಉಲ್ಲಂಘನೆ ಆಗಿದೆ ಸರ್?’

ಈ ಪ್ರಶ್ನೆಗೆ ಹಿನ್ನೆಲೆ ಇದೆ. 2022ರ ಜೂನ್‌ನಲ್ಲಿ ಅಂದಿನ ಡಿಜಿಪಿ ಪ್ರವೀಣ್ ಸೂದ್ ಅವರು, ಬರಿಗಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ತಪಾಸಣೆಗೆಂದು ವಾಹನ ತಡೆಯಬಾರದು ಎಂದು ಸೂಚಿಸಿದರು. ಕುಡಿದು ಓಡಿಸುವವರ ತಪಾಸಣೆಗೆ ಮಾತ್ರ ವಿನಾಯಿತಿ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಪೊಲೀಸರು ಬೈಕ್ ತಡೆದಾಗ ತಂದೆತಾಯಿಯ ಜತೆಗಿದ್ದ ಪುಟ್ಟ ಮಗು ರಸ್ತೆಗೆ ಬಿದ್ದು ಸತ್ತುಹೋಯಿತು. ಅದರ ಬೆನ್ನಲ್ಲೇ ಡಿಜಿಪಿ ಎಂ.ಎ. ಸಲೀಂ ಅವರು ಮತ್ತೆ ಅದೇ ಸೂಚನೆ ಹೊರಡಿಸಿದರು: ಕಾಣುವ ಉಲ್ಲಂಘನೆ ಇಲ್ಲದೆ ನಿಲ್ಲಿಸಬಾರದು, ದಿಢೀರನೆ ರಸ್ತೆಗೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು.

ಇಲ್ಲಿ ಒಂದು ಎಚ್ಚರಿಕೆ. ಇವು ಇಲಾಖೆಯೊಳಗಿನ ಆದೇಶಗಳು. 130ನೇ ಸೆಕ್ಷನ್ ಹಾಗೇ ಇದೆ. ‘ಡಿಜಿಪಿ ಹೇಳಿದ್ದಾರೆ, ಡಿಎಲ್ ತೋರಿಸಲ್ಲ’ ಎಂದು ಪಟ್ಟು ಹಿಡಿದರೆ ತಪ್ಪು ನಿಮ್ಮದೇ ಆಗುತ್ತದೆ. ಮೊದಲು ತೋರಿಸಿ. ಕಾರಣವಿಲ್ಲದೆ ತಡೆದರು ಎಂಬ ದೂರನ್ನು ಆಮೇಲೆ ಕೊಡಿ.

4. ದಾಖಲೆ ತೋರಿಸುವಾಗ

ಫೋನಿನಲ್ಲಿ ತೋರಿಸುವುದಾದರೆ ಫೋನ್ ನಿಮ್ಮ ಕೈಯಲ್ಲೇ ಇರಲಿ. ಆ್ಯಂಡ್ರಾಯ್ಡ್‌ನಲ್ಲಿ ಒಂದೇ ಆ್ಯಪ್ ಪರದೆಯ ಮೇಲೆ ನಿಲ್ಲುವಂತೆ ಪಿನ್ ಮಾಡುವ ಸೌಲಭ್ಯವಿದೆ, ಮನೆಯಲ್ಲೇ ಒಮ್ಮೆ ಕಲಿತುಕೊಳ್ಳಿ. ನಿಮ್ಮ ಚಾಟ್, ಫೋಟೊ ನೋಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ‘ಸರ್, ಡಿಎಲ್ ಇದೆ ನೋಡಿ. ಫೋನ್ ಕೊಡಕ್ಕಾಗಲ್ಲ’ ಎಂದು ಮೆತ್ತಗೆ ಹೇಳಿದರೆ ಸಾಕು.

ಡಿಎಲ್ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರೆ? ಪರವಾನಗಿ ವಶಪಡಿಸಿಕೊಳ್ಳಲು 206ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ, ಆದರೆ ಕಾರಣಗಳು ನಿರ್ದಿಷ್ಟ: ದಾಖಲೆ ನಕಲಿ ಎಂಬ ಅನುಮಾನ, ಅಪಾಯಕಾರಿ ಚಾಲನೆ, ಕುಡಿದು ಚಾಲನೆ, ಅತಿವೇಗ ಇಂಥವು. ಹಾಗೆ ಪಡೆದಾಗ ತಾತ್ಕಾಲಿಕ ಸ್ವೀಕೃತಿ ಪತ್ರ ಕೊಡಲೇಬೇಕು. ಡಿಎಲ್ ವಾಪಸು ಬರುವವರೆಗೆ ಅಥವಾ ಅದರಲ್ಲಿ ಬರೆದ ದಿನಾಂಕದವರೆಗೆ ಆ ಚೀಟಿಯೇ ನಿಮ್ಮ ಪರವಾನಗಿ. ಚೀಟಿ ಕೊಡದೆ ‘ನಾಳೆ ಸ್ಟೇಷನ್‌ಗೆ ಬಂದು ತಗೊಳ್ಳಿ’ ಅಂದರೆ ಒಪ್ಪಬೇಡಿ. ಮರುದಿನ ಆ ಡಿಎಲ್ ಯಾರ ಬಳಿ ಇದೆ ಎಂದು ಹುಡುಕುತ್ತಾ ಅಲೆಯುವವರು ನೀವೇ.

5. ದಂಡ ಹಾಕಿದರೆ

ಸ್ಥಳದಲ್ಲೇ ಕಟ್ಟಿ ಮುಗಿಸುವ ದಂಡಕ್ಕೆ ಕಾನೂನಿನಲ್ಲಿ ಕಾಂಪೌಂಡಿಂಗ್ ಎನ್ನುತ್ತಾರೆ. ತಪ್ಪು ಒಪ್ಪಿ, ಗೊತ್ತುಪಡಿಸಿದ ಹಣ ಕಟ್ಟಿ, ಕೋರ್ಟಿಗೆ ಹೋಗದೆ ಪ್ರಕರಣ ಮುಗಿಸಿಕೊಳ್ಳುವುದು ಎಂದರ್ಥ. ನಮ್ಮಲ್ಲಿ ಈ ಅಧಿಕಾರ ಎಎಸ್‌ಐ ಮತ್ತು ಅದಕ್ಕಿಂತ ಮೇಲಿನ ದರ್ಜೆಯವರಿಗೆ. ಭುಜದ ಪಟ್ಟಿ ನೋಡಿ: ಒಂದು ನಕ್ಷತ್ರ ಎಎಸ್‌ಐ, ಎರಡು ಪಿಎಸ್‌ಐ, ಮೂರು ಇನ್‌ಸ್ಪೆಕ್ಟರ್. ಕಾನ್‌ಸ್ಟೆಬಲ್ ಗಾಡಿ ನಿಲ್ಲಿಸಬಹುದು, ಆದರೆ ಹಣ ಪಡೆಯುವಂತಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ದಂಡದ ಪಟ್ಟಿ ನಂಬಬೇಡಿ. ಅದು ಬಹುಪಾಲು 2019ರ ಕೇಂದ್ರ ತಿದ್ದುಪಡಿಯ ಮೊತ್ತ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹಲವು ದಂಡಗಳನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ ಕೇಂದ್ರದ ಪಟ್ಟಿಯಲ್ಲಿ 1,000 ಇದ್ದರೆ ಇಲ್ಲಿ 500. ಸೀಟ್‌ಬೆಲ್ಟ್‌ಗೂ 500, ಸಿಗ್ನಲ್ ಜಂಪ್‌ಗೂ 500.

ಹಣ ಕೊಟ್ಟರೆ ಯಂತ್ರದಿಂದ ಬಂದ ರಸೀದಿ ಬೇಕು. ಗಾಡಿ ಸಂಖ್ಯೆ, ಉಲ್ಲಂಘನೆ, ಸ್ಥಳ, ಸಮಯ, ಮೊತ್ತ ಐದನ್ನೂ ಅಲ್ಲೇ ಓದಿ. ಕ್ಯೂಆರ್ ಕೋಡ್ ತೋರಿಸಿದರೆ ಸ್ಕ್ಯಾನ್ ಮಾಡಿದಾಗ ಬರುವ ಹೆಸರು ನೋಡಿ. ವ್ಯಕ್ತಿಯ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ. ತಪ್ಪು ಮಾಡಿಲ್ಲ ಅನ್ನಿಸಿದರೆ ಸ್ಥಳದಲ್ಲಿ ಕಟ್ಟಲೇಬೇಕೆಂದಿಲ್ಲ. ‘ನೋಟಿಸ್ ಕೊಡಿ ಸರ್, ಕೋರ್ಟಲ್ಲಿ ನೋಡ್ಕೊತೀನಿ’ ಅನ್ನಬಹುದು. 500 ರೂಪಾಯಿಗೆ ಅರ್ಧ ದಿನದ ಕೆಲಸ ಬಿಡಬೇಕೇ ಎಂಬುದು ನಿಮ್ಮ ಲೆಕ್ಕ. ನನ್ನ ಅಭಿಪ್ರಾಯ ಕೇಳಿದರೆ, ನಿಜಕ್ಕೂ ತಪ್ಪು ಮಾಡಿದ್ದರೆ ಕಟ್ಟಿ ಹೊರಡಿ.

ಹಳೇ ಫೈನ್ ವಿಚಾರ. ಅಧಿಕಾರಿಯ ಕೈಯಲ್ಲಿನ ಯಂತ್ರದಲ್ಲಿ ನಂಬರ್ ಹಾಕಿದ ತಕ್ಷಣ ಬಾಕಿಯೆಲ್ಲಾ ಬರುತ್ತದೆ. ಬೆಂಗಳೂರು ಸಂಚಾರ ಪೊಲೀಸರ ಅಸ್ತ್ರಂ ಆ್ಯಪ್‌ನಲ್ಲೋ ಬೆಂಗಳೂರು ಒನ್ ಕೇಂದ್ರದಲ್ಲೋ ನೀವೇ ಮೊದಲು ನೋಡಿಕೊಳ್ಳುವುದು ಒಳ್ಳೆಯದು. ಫೋಟೊ ತೆರೆದು ನೋಡಿ. ನಿಮ್ಮದು ಬಿಳಿ ಆ್ಯಕ್ಟಿವಾ ಆಗಿದ್ದು ಫೋಟೊದಲ್ಲಿ ಕಪ್ಪು ಪಲ್ಸರ್ ಇದ್ದರೆ ಯಾರೋ ನಿಮ್ಮ ನಂಬರ್ ಹಾಕಿಕೊಂಡು ತಿರುಗುತ್ತಿದ್ದಾರೆ. ದಂಡದ ಆಕ್ಷೇಪಣೆ ಜತೆಗೆ ಠಾಣೆಯಲ್ಲಿ ದೂರನ್ನೂ ಕೊಡಿ. ಕ್ಯಾಮೆರಾ ಪ್ರಕರಣದ ನೋಟಿಸ್ ಉಲ್ಲಂಘನೆಯಾದ 15 ದಿನದೊಳಗೆ ಕಳಿಸಬೇಕು ಎಂದು 2021ರ ನಿಯಮ ಹೇಳುತ್ತದೆ. ಬಾಕಿಗೆ ಶೇ 50ರ ರಿಯಾಯಿತಿ 2023ರ ಫೆಬ್ರುವರಿಯಲ್ಲಿ ಬಂದಿತ್ತು, 2025ರಲ್ಲೂ ಬಂತು. ಮತ್ತೆ ಬಂದೀತು ಎಂದು ಕಾಯುತ್ತಾ ಕೂರುವವರ ಬಾಕಿ ಬೆಳೆಯುತ್ತಲೇ ಹೋಗುತ್ತದೆ.

6. ಕೀ ಮತ್ತು ಗಾಡಿ

ಕೀ ಕಿತ್ತುಕೊಳ್ಳಿ, ಚಕ್ರದ ಗಾಳಿ ಬಿಡಿ ಎಂದು ಯಾವ ಸೆಕ್ಷನ್ನೂ ಹೇಳುವುದಿಲ್ಲ. ಕಿತ್ತರೆ ಕೈಕೈ ಮಿಲಾಯಿಸಬೇಡಿ. ‘ಕೀ ವಾಪಸ್ ಕೊಡಿ ಸರ್, ಗಾಡಿ ವಶಕ್ಕೆ ತಗೊಳ್ಳೋದಾದ್ರೆ ಚೀಟಿ ಕೊಡಿ’ ಎಂದು ಎಲ್ಲರಿಗೂ ಕೇಳುವಂತೆ ಹೇಳಿ.

ಗಾಡಿಯನ್ನೇ ವಶಕ್ಕೆ ಪಡೆಯುವ ಅಧಿಕಾರ 207ನೇ ಸೆಕ್ಷನ್ನಿನಲ್ಲಿದೆ. ಡಿಎಲ್ ಇಲ್ಲದೆ ಓಡಿಸಿದರೆ, ವಯಸ್ಸಾಗದ ಹುಡುಗರು ಓಡಿಸಿದರೆ, ನೋಂದಣಿ ಇಲ್ಲದಿದ್ದರೆ, ಪರ್ಮಿಟ್ ಇಲ್ಲದಿದ್ದರೆ ಅಥವಾ ಪರ್ಮಿಟ್‌ನ ಷರತ್ತು ಮೀರಿದರೆ. ಹಳೆಯ ದಂಡ ಬಾಕಿ ಎಂಬ ಕಾರಣ ಆ ಪಟ್ಟಿಯಲ್ಲಿಲ್ಲ. ಅದನ್ನು ವಿನಯದಿಂದಲೇ ಹೇಳಿ, ಯಾವ ಸೆಕ್ಷನ್ ಎಂದು ಬರೆದುಕೊಡಲು ಕೇಳಿ. ಮಕ್ಕಳ ಕೈಗೆ ಸ್ಕೂಟರ್ ಕೊಡುವ ಅಪ್ಪ ಅಮ್ಮಂದಿರಿಗೆ ಒಂದು ಮಾತು: 199ಎ ಸೆಕ್ಷನ್ನಿನಲ್ಲಿ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಇರುವುದು ಪೋಷಕರಿಗೆ ಅಥವಾ ಮಾಲೀಕರಿಗೆ.

ಗಾಡಿ ಹೋಗುವುದೇ ಖಚಿತವಾದರೆ ಲ್ಯಾಪ್‌ಟಾಪ್, ಚಾರ್ಜರ್, ಡಿಕ್ಕಿಯಲ್ಲಿರುವ ರೇನ್‌ಕೋಟು ಎಲ್ಲ ತೆಗೆದುಕೊಳ್ಳಿ. ನಾಲ್ಕೂ ಕಡೆಯಿಂದ ಫೋಟೊ, ಕಿಲೋಮೀಟರ್ ಮೀಟರಿನ ಫೋಟೊ, ಪೆಟ್ರೋಲ್ ಮುಳ್ಳಿನ ಫೋಟೊ ತೆಗೆಯಿರಿ. ಠಾಣೆಯ ಮುಂದೆ ಧೂಳು ಹಿಡಿದು ನಿಂತ ಗಾಡಿಗಳ ಕನ್ನಡಿ, ಬ್ಯಾಟರಿ ಏನಾಗಿವೆ ಎಂದು ನೋಡಿದವರಿಗೆ ಇದು ಯಾಕೆಂದು ಗೊತ್ತು.

7. ಊದಿ ಎಂದರೆ

ಶುಕ್ರವಾರ, ಶನಿವಾರ ರಾತ್ರಿ ಬ್ಯಾರಿಕೇಡ್ ಇಟ್ಟು ನಡೆಸುವ ತಪಾಸಣೆಗೆ ಪೊಲೀಸ್ ಭಾಷೆಯಲ್ಲಿ ಡಿಡಿ (ಡ್ರಂಕ್ ಡ್ರೈವಿಂಗ್) ಚೆಕ್ಕಿಂಗ್ ಎಂದು ಹೆಸರು. ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ. ಹೊಸ ಊದುಕೊಳವೆ ಹಾಕಲು ಕೇಳಿ, ಅದು ನಿಮ್ಮ ಹಕ್ಕಿಗಿಂತ ಆರೋಗ್ಯದ ಪ್ರಶ್ನೆ. ಪರದೆಯಲ್ಲಿ ಬಂದ ಅಂಕಿ ನೋಡಿ. ಈಗಷ್ಟೇ ಮೌತ್‌ವಾಶ್ ಅಥವಾ ಕೆಮ್ಮಿನ ಔಷಧಿ ತೆಗೆದುಕೊಂಡಿದ್ದರೆ ಊದುವ ಮೊದಲೇ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪರೀಕ್ಷಿಸಲು ಕೇಳಿ.

ಊದುವುದಿಲ್ಲ ಎಂದು ಹಟ ಮಾಡುವುದು ದೊಡ್ಡ ತಪ್ಪು. ಕುಡಿದಿದ್ದಾರೆ ಎಂಬ ಸಕಾರಣ ಅನುಮಾನವಿದ್ದರೆ ನಿರಾಕರಿಸಿದವರನ್ನು ವಾರಂಟ್ ಇಲ್ಲದೆ ಬಂಧಿಸಬಹುದು, ಕೋರ್ಟಿನಲ್ಲಿ ಆ ನಿರಾಕರಣೆಯೇ ನಿಮ್ಮ ವಿರುದ್ಧ ಎಣಿಕೆಯಾಗುತ್ತದೆ. ಫಲಿತಾಂಶ ಸರಿಯಿಲ್ಲ ಅನ್ನಿಸಿದರೆ ರಕ್ತಪರೀಕ್ಷೆ ಮಾಡಿಸಿ ಎಂದು ಕೇಳಿ. ಡಿಡಿ ಕೇಸಿನಲ್ಲಿ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು ಎಂದು 202ನೇ ಸೆಕ್ಷನ್ ಹೇಳುತ್ತದೆ. ದಂಡ ಕೋರ್ಟಿನಲ್ಲೇ: ಮೊದಲ ಸಲಕ್ಕೆ 10,000 ರೂಪಾಯಿ, ಆರು ತಿಂಗಳವರೆಗಿನ ಜೈಲು ಅಥವಾ ಎರಡೂ. ರಸ್ತೆಯಲ್ಲೇ ‘ಸೆಟಲ್’ ಮಾಡುತ್ತೇನೆ ಎನ್ನುವವರು ಕಟ್ಟಿಸಿಕೊಳ್ಳುವುದು ದಂಡವಲ್ಲ, ಲಂಚ.

8. ಡಿಕ್ಕಿ ತೆಗೆಯಿರಿ ಎಂದರೆ

ಅತ್ಯಂತ ಹೆಚ್ಚು ಗೊಂದಲ ಇರುವುದು ಇಲ್ಲಿ. ಹೆಲ್ಮೆಟ್ ಹಾಕಿಲ್ಲ ಎಂದೋ ಸಿಗ್ನಲ್ ಹಾರಿದಿರಿ ಎಂದೋ ನಿಲ್ಲಿಸಿದ ಮಾತ್ರಕ್ಕೆ ಬ್ಯಾಗು, ಡಿಕ್ಕಿ, ಸೀಟಿನ ಅಡಿ ಜಾಲಾಡುವ ಅಧಿಕಾರ ಬರುವುದಿಲ್ಲ. ಶೋಧನೆಗೆ ಬೇರೆಯೇ ಕಾರಣ ಬೇಕು. ಕಳವು ಮಾಲು, ಮಾದಕ ವಸ್ತು, ಅಕ್ರಮ ಮದ್ಯ, ಆಯುಧ, ನಡೆಯುತ್ತಿರುವ ತನಿಖೆ, ಚುನಾವಣೆ ಇಂಥದ್ದು. ಹಾಗಾಗಿ ‘ಯಾವ ಕಾರಣಕ್ಕೆ ಸರ್? ಯಾವ ಕಾನೂನಿನಲ್ಲಿ?’ ಎಂದು ಕೇಳುವುದು ಉದ್ಧಟತನವಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ತನಿಖೆಯ ವೇಳೆ ವಾರಂಟ್ ಇಲ್ಲದೆ ಶೋಧಿಸುವ ಅಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು. ಇದು 185ನೇ ಸೆಕ್ಷನ್. (ಮೋಟಾರು ವಾಹನ ಕಾಯ್ದೆಯ 185 ಕುಡಿದು ಓಡಿಸುವುದಕ್ಕೆ. ಅಂಕಿ ಒಂದೇ, ಕಾಯ್ದೆ ಬೇರೆ, ಬಹಳ ಜನ ಕಲಸಿಬಿಡುತ್ತಾರೆ.) 103ನೇ ಸೆಕ್ಷನ್ ಪ್ರಕಾರ ಸ್ಥಳೀಯರಾದ ಇಬ್ಬರು ಸಾಕ್ಷಿಗಳಿರಬೇಕು, ಸಿಕ್ಕ ವಸ್ತುಗಳ ಪಟ್ಟಿ ಮಾಡಿ ಸಹಿ ಹಾಕಿಸಬೇಕು. ಈ ಸಾಕ್ಷಿಗಳೇ ಪಂಚರು, ಆ ಬರಹವೇ ಮಹಜರು. ಆ ಕಾನೂನಿನಲ್ಲಿ ಸ್ಥಳ ಎಂದರೆ ಮನೆ, ಕಟ್ಟಡದ ಜತೆಗೆ ವಾಹನವೂ ಸೇರುತ್ತದೆ. ಇನ್ನು 105ನೇ ಸೆಕ್ಷನ್ ಹೊಸತು: ಶೋಧನೆ ಮತ್ತು ಜಪ್ತಿಯನ್ನು ಮೊಬೈಲಿನಲ್ಲಾದರೂ ಸರಿ, ವಿಡಿಯೊ ಮಾಡಲೇಬೇಕು.

ಮಾದಕ ವಸ್ತು ಕಾಯ್ದೆಯಡಿ ಸಾರ್ವಜನಿಕ ಸ್ಥಳದಲ್ಲಿ ಅಧಿಕಾರ ಇನ್ನೂ ವಿಶಾಲ. ಆದರೆ ನಿಮ್ಮ ಮೈಯನ್ನೇ ತಪಾಸಣೆ ಮಾಡುವುದಾದರೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆಯೇ ಆಗಲಿ ಎಂದು ಕೇಳುವ ಹಕ್ಕು 50ನೇ ಸೆಕ್ಷನ್ನಿನಲ್ಲಿದೆ. ಈ ರಕ್ಷಣೆ ಮೈ ತಪಾಸಣೆಗೆ ಮಾತ್ರ, ಗಾಡಿಗೂ ಬ್ಯಾಗಿಗೂ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಮಹಿಳೆಯರ ಮೈ ತಪಾಸಣೆಯನ್ನು ಮಹಿಳೆಯೇ ಮಾಡಬೇಕು. ಇದಕ್ಕೆ ವಿನಾಯಿತಿ ಇಲ್ಲ.

ಚುನಾವಣೆ ಘೋಷಣೆಯಾದ ಮೇಲೆ ಚೆಕ್‌ಪೋಸ್ಟ್‌ಗಳಲ್ಲಿ ಕಾರುಗಳ ಡಿಕ್ಕಿ ತೆಗೆಸುವುದು ಮಾಮೂಲು. 50,000 ರೂಪಾಯಿಗಿಂತ ಹೆಚ್ಚು ನಗದು ಒಯ್ಯುವುದಿದ್ದರೆ ಬ್ಯಾಂಕಿನ ಚೀಟಿ, ಮದುವೆ ಆಮಂತ್ರಣ, ವ್ಯಾಪಾರದ ಬಿಲ್ಲು ಏನಾದರೂ ಜತೆಗಿರಲಿ. ಗಡಿಯಾಚೆಯಿಂದ ಬರುವಾಗ ಅತ್ತಿಬೆಲೆಯ ಬಳಿ ಬಾಟಲಿ ತಪಾಸಣೆ ಆದರೆ ಅಲ್ಲಿ ವಾದ ಬೇಡ, ಖರೀದಿ ಬಿಲ್ ತೋರಿಸಿ.

ಶೋಧಿಸಿಯೇ ತೀರುತ್ತೇವೆ ಎಂದರೆ ಹೀಗೆ ಮಾಡಿ. ‘ನಾನು ಒಪ್ಪಿಗೆ ಕೊಡ್ತಿಲ್ಲ, ಆದ್ರೆ ತಡೆಯಲ್ಲ’ ಎಂದು ಒಂದೇ ಸಲ ಸ್ಪಷ್ಟವಾಗಿ ಹೇಳಿ. ಡಿಕ್ಕಿಯನ್ನು ನೀವೇ ತೆರೆಯಿರಿ. ಅವರ ಕೈಗಳು ಕಾಣುವ ಕಡೆ ನಿಲ್ಲಿ. ಒಬ್ಬರು ನಿಮ್ಮ ಜತೆ ಮಾತಾಡುತ್ತಾ ಇನ್ನೊಬ್ಬರು ಹಿಂದೆ ಹುಡುಕುತ್ತಿದ್ದರೆ ಮಾತು ನಿಲ್ಲಿಸಿ ಹಿಂದಕ್ಕೆ ಹೋಗಿ. ಸಾರ್ವಜನಿಕ ರಸ್ತೆಯಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ವಿಡಿಯೊ ಮಾಡುವುದಕ್ಕೆ ಕಾನೂನಿನ ನಿಷೇಧವಿಲ್ಲ. ಆದರೆ ಎರಡು ಹೆಜ್ಜೆ ದೂರದಿಂದ ಮಾಡಿ. ಮುಖಕ್ಕೆ ಹಿಡಿದರೆ ಕೆಲಸಕ್ಕೆ ಅಡ್ಡಿ ಎಂಬ ಆರೋಪಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಏನಾದರೂ ತೆಗೆದುಕೊಂಡರೆ ಮಹಜರಿನ ಪ್ರತಿ ಕೇಳಿ. ಪೂರ್ತಿ ಓದದೆ ಸಹಿ ಬೇಡ, ಖಾಲಿ ಹಾಳೆಗಂತೂ ಬೇಡವೇ ಬೇಡ. ಬರೆದದ್ದು ಸುಳ್ಳಾಗಿದ್ದರೆ ಸಹಿಯ ಪಕ್ಕ ‘ಒಪ್ಪುವುದಿಲ್ಲ’ ಎಂದು ಕನ್ನಡದಲ್ಲೇ ಬರೆಯಿರಿ.

ಅಮೆರಿಕದ ಸೀರಿಯಲ್ ನೋಡಿ, ಅಕ್ರಮವಾಗಿ ಶೋಧಿಸಿದರೆ ಸಿಕ್ಕಿದ್ದೆಲ್ಲ ಕೋರ್ಟಿನಲ್ಲಿ ಬಿದ್ದುಹೋಗುತ್ತದೆ ಎಂದುಕೊಂಡವರಿದ್ದಾರೆ. ಇಲ್ಲಿ ಹಾಗಿಲ್ಲ. ಶೋಧನೆಯ ಕ್ರಮ ತಪ್ಪಿದೆ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯ ತಾನಾಗಿಯೇ ರದ್ದಾಗುವುದಿಲ್ಲ. ಆದ್ದರಿಂದಲೇ ಸ್ಥಳದಲ್ಲಿನ ವಿಡಿಯೊ, ಮಹಜರು, ಸಾಕ್ಷಿಗಳ ಹೆಸರು ಇಷ್ಟು ಮುಖ್ಯ.

9. ಠಾಣೆಗೆ ಬನ್ನಿ ಎಂದರೆ

‘ನನ್ನನ್ನ ಬಂಧಿಸ್ತಿದ್ದೀರಾ, ಇಲ್ಲ ವಿಚಾರಿಸೋಕೆ ಕರೀತಿದ್ದೀರಾ?’ ಎಂದು ಕೇಳಿ. ಬಂಧನವಾದರೆ ಕಾರಣ ತಿಳಿಸಬೇಕು, ನೀವು ಹೇಳಿದ ಬಂಧುವಿಗೋ ಸ್ನೇಹಿತರಿಗೋ ಸುದ್ದಿ ಮುಟ್ಟಿಸಬೇಕು, ವಕೀಲರನ್ನು ನೋಡಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮಹಿಳೆಯರನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭವಿದ್ದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. ಹೊರಡುವ ಮೊದಲು ಮನೆಗೆ ಲೊಕೇಶನ್ ಮತ್ತು ಠಾಣೆಯ ಹೆಸರು ಕಳಿಸಿ.

ಕ್ರಿಮಿನಲ್ ಪ್ರಕರಣದಲ್ಲಿ ಗಾಡಿ ಜಪ್ತಿಯಾದರೆ, ಕೇಸು ಮುಗಿಯುವವರೆಗೆ ಕಾಯಬೇಕಿಲ್ಲ. ಮಧ್ಯಂತರವಾಗಿ ಗಾಡಿ ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿ. ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಹಾಕಬೇಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ.

10. ದೂರು ಎಲ್ಲಿ, ಹೇಗೆ

ಅಲ್ಲೇ ಬೆದರಿಕೆ, ಹಲ್ಲೆ ನಡೆಯುತ್ತಿದ್ದರೆ 112ಕ್ಕೆ ಕರೆ ಮಾಡಿ. ಆಮೇಲಿನ ದೂರಾದರೆ ಆಯಾ ವಿಭಾಗದ ಸಂಚಾರ ಡಿಸಿಪಿಗೆ ಅಥವಾ ಇನ್‌ಫೆಂಟ್ರಿ ರಸ್ತೆಯಲ್ಲಿರುವ ಪೊಲೀಸ್ ಆಯುಕ್ತರ ಕಚೇರಿಗೆ ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಹಲ್ಲೆ, ಅಕ್ರಮ ಬಂಧನದಂಥ ಗಂಭೀರ ವಿಚಾರಕ್ಕೆ ಪೊಲೀಸ್ ದೂರು ಪ್ರಾಧಿಕಾರ ಮತ್ತು ರಾಜ್ಯ ಮಾನವ ಹಕ್ಕುಗಳ ಆಯೋಗ ಇವೆ.

ಲಂಚ ಕೇಳಿದರೆ ಲೋಕಾಯುಕ್ತ, ಅಂಬೇಡ್ಕರ್ ವೀದಿಯ ಬಹುಮಹಡಿ ಕಟ್ಟಡ. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ರದ್ದು ಮಾಡಿದ ಮೇಲೆ ಈ ಕೆಲಸ ಮತ್ತೆ ಲೋಕಾಯುಕ್ತ ಪೊಲೀಸರದ್ದೇ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ವರದಿ ಮಾಡಿದವರಿಗೆ ಮಾತ್ರ ರಕ್ಷಣೆ. ‘ಇನ್ನೂರು ಕೊಟ್ಟು ಬಂದೆ’ ಎಂದು ವಿಡಿಯೊ ಹಾಕುವವರು ಇದನ್ನು ಗಮನಿಸಿ.

ದೂರಿನ ಮೊದಲ ಸಾಲಿನಲ್ಲೇ ದಿನಾಂಕ, ಗಂಟೆ ನಿಮಿಷ, ಜಂಕ್ಷನ್ನಿನ ಹೆಸರು, ಅಧಿಕಾರಿಯ ಹೆಸರು ಬರೆಯಿರಿ. ಬೈಗುಳ, ಭಾವನೆ ಬೇಡ. ಕೊನೆಯ ಸಾಲಿನಲ್ಲಿ, ಆ ಹೊತ್ತಿನ ಬಾಡಿ ಕ್ಯಾಮೆರಾ ಮತ್ತು ಜಂಕ್ಷನ್ ಕ್ಯಾಮೆರಾದ ದೃಶ್ಯ ಅಳಿಸದೆ ಉಳಿಸಿಡಬೇಕೆಂದು ಕೋರಿ. ಈ ಕೋರಿಕೆಯನ್ನು ಅದೇ ದಿನ ಇಮೇಲಿನಲ್ಲೂ ಕಳಿಸಿ, ಬಸ್ಸಿನಲ್ಲಿ ಮನೆಗೆ ಹೋಗುವಾಗಲೇ ಟೈಪ್ ಮಾಡಿದರೂ ಆಯಿತು.